ಕಲರ್ ದೊಡ್ಡದೋ, ಸೀಕ್ವೆನ್ಸ್ ದೊಡ್ಡದೋ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಸಂಜೆ ಮಳೆ ಬರುತ್ತಿತ್ತು ಎಂದು ನನ್ನ ದಿನಚರಿಯಲ್ಲಿದೆ. ಕಾಕು ಮಾತ್ರ, ಮಳೆ ಎಲ್ಲಿಂದ ಬರಬೇಕು, ಅವತ್ತು ಮಾಳಿಗೆಯ ಮೇಲೆ ಶಾವಿಗೆ ಒಣಹಾಕಿದ್ದೆ ಅನ್ನುತ್ತಾರೆ. ನಾನು ಎರಡು ಮೂರು ದಿನದ್ದನ್ನು ಒಟ್ಟಿಗೆ ಕೂತು ಬರೆಯುವವಳು. ಬರೆಯುವಾಗ ಹೊರಗೆ ಮಳೆಯಿದ್ದರೆ ಅದು ಹಿಂದಿನ ದಿನಕ್ಕೂ ಹೋಗಿ ಸೇರಿಕೊಂಡುಬಿಡುತ್ತದೆ. ಆದ್ದರಿಂದ ಮಳೆಯನ್ನು ಬಿಟ್ಟೇ ಹೇಳುತ್ತೇನೆ.

ಕಾಕಾ ನನ್ನ ತಂದೆಯ ತಮ್ಮ. ಸಕ್ಕರೆ ಕಾರ್ಖಾನೆಯೊಂದರ ತೂಕದ ಕಾಟಾದ ಮೇಲೆ ಬಹಳ ವರ್ಷ ಕಬ್ಬಿನ ಗಾಡಿ ತೂಗಿ ನಿವೃತ್ತರಾದವರು. ಅವರ ಹೆಂಡತಿ ಕಾಕು, ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಮನೆ ನಿಪ್ಪಾಣಿಯಲ್ಲಿ. ಧಾರವಾಡದಲ್ಲಿ ಎಂ.ಎ. ಮುಗಿಸಿ ನಾನು ಚಿಕ್ಕೋಡಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದ ವರ್ಷ ಅವರ ಮನೆಯಲ್ಲೇ ಇದ್ದೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ಆ ಬೇಸಿಗೆಯಲ್ಲಿ ಕಾಕಾಗೆ ಸಣ್ಣದೊಂದು ಲಕ್ವಾ ಹೊಡೆದಿತ್ತು. ಗೋವಾದಲ್ಲಿ ಮಗಳ ಮನೆಯಲ್ಲಿ ಒಂದು ತಿಂಗಳಿದ್ದು, ಕೈಕಾಲು ಸರಿಯಾಗಿ, ಬಾಯಿಯೂ ಸರಿಯಾಗಿ ವಾಪಸು ಬಂದರು. ಗಾಡಿ ಓಡಿಸಬಹುದು ಎಂದು ಡಾಕ್ಟರು ಹೇಳಿದ್ದರು. ಕಾಕು ಹೇಳಿರಲಿಲ್ಲ. ಸ್ಕೂಟರಿನ ಕೀಲಿ ಅವರ ಸೊಂಟದ ಚೀಲದಲ್ಲಿತ್ತು. ಬೆಳಿಗ್ಗೆ ಎದ್ದ ಕೂಡಲೇ ಸ್ಕೂಟರ್ ಮೇಲೆ ಕೊಗನೊಳ್ಳಿಗೆ ಹೋಗಿ, ಹೆದ್ದಾರಿ ಪಕ್ಕ ಚಹಾ ಕುಡಿದು, ಹೋಗುವ ಲಾರಿಯಲ್ಲಿ ಎಷ್ಟು ಟನ್ ಇದೆ ಎಂದು ಕಣ್ಣಿನಲ್ಲೇ ಅಂದಾಜು ಮಾಡಿ ಬರುವುದು ಕಾಕಾನ ಜೀವ. ಅದು ನಿಂತುಹೋಗಿತ್ತು.

“ಕಾಲ ಸರಿ ಅದಾವು, ಕೈ ಸರಿ ಅದಾವು,” ಎಂದರು ಕಾಕಾ ಒಂದು ದಿನ.

“ತಲಿ?” ಎಂದರು ಕಾಕು, ಸೂಜಿಯಿಂದ ಕಣ್ಣೆತ್ತದೆ. “ಮೊನ್ನೆ ಚಪ್ಪಲಿ ಫ್ರಿಜ್‌ದಾಗ ಇಟ್ಟವರು ಯಾರ್ರಿ?”

“ಅದು ಲಕ್ವಾ ಹೊಡಿಯೋಕಿಂತ ಮೊದಲ ಇಟ್ಟಿದ್ದೆ.”

“ಅದಕ್ಕ ಹೇಳಾಕತ್ತೀನಿ. ತಲಿ ಓಡತೈತಿ ಅಂತ ತೋರಸ್ರಿ. ಆಮ್ಯಾಲೆ ಕೀಲಿ.”

ಕಾಕಾ ನನ್ನ ಕಡೆ ಬೆರಳು ಮಾಡಿದರು. “ಈ ಪಂಡಿತಬಾಯಿ ಎಸ್ಸೆಸ್ಸೆಲ್ಸಿ ಗಣಿತದಾಗ ಎಷ್ಟ ತಗೊಂಡಿದ್ದಳು ನಿನಗ ನೆನಪೈತೇನು? ಇಕಿಗೆ ನಾ ಹದಿನೈದ ದಿನದಾಗ ಲೆಕ್ಕದ ಆಟ ಕಲಸ್ತೀನಿ. ಇಕಿ ಕಲತಳು ಅಂದ್ರ ನನ್ನ ತಲಿ ಸರಿ ಐತಿ ಅಂತ ಆತಿಲ್ಲೋ?”

ಹೀಗೆ ಒಬ್ಬರ ತಲೆಯ ಪರೀಕ್ಷೆಗೆ ಇನ್ನೊಬ್ಬರ ತಲೆ ಕೂತಿತು.

ಆಟದ ಹೆಸರು ಓಮಾಹಾ. ಗೋವಾದಲ್ಲಿ ಅಳಿಯ ಕಾಕಾಗೆ ಕಲಿಸಿದ್ದ ಇಸ್ಪೀಟಾಟ. ನಮ್ಮದು ಜೈನರ ಮನೆ. ಏಳು ವ್ಯಸನಗಳಲ್ಲಿ ಜೂಜು ಮೊದಲನೆಯದು, ಆದ್ದರಿಂದ ಕಾಕು ಷರತ್ತು ಹಾಕಿದರು. ದುಡ್ಡು ಇಲ್ಲ, ಕಾಳುಕಡಿ ಇಲ್ಲ, ತಿನ್ನುವ ಯಾವುದೂ ಪಣಕ್ಕೆ ಇಲ್ಲ. ಬೇಕಾದರೆ ತಮ್ಮ ಹೊಲಿಗೆ ಡಬ್ಬಿಯ ಗುಂಡಿಗಳನ್ನು ಇಟ್ಟು ಆಡಬಹುದು. ಆದರೆ ಆಟ ಮುಗಿದ ಮೇಲೆ ಗೆದ್ದವರು ಅಷ್ಟೂ ಗುಂಡಿಗಳನ್ನು ಬಣ್ಣ, ಅಳತೆ ನೋಡಿ ಬೇರೆ ಬೇರೆ ಮಾಡಿ ಡಬ್ಬಿಗೆ ಹಾಕಬೇಕು. ಹೆಚ್ಚು ಗೆದ್ದಷ್ಟೂ ಹೆಚ್ಚು ಕೆಲಸ. ಅತಿಯಾಸೆಗೆ ಇದಕ್ಕಿಂತ ಒಳ್ಳೆಯ ಮದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಸೂರ್ಯ ಮುಳುಗುವ ಮೊದಲು ಊಟವಾಗಬೇಕಾದ್ದರಿಂದ ಆಟಕ್ಕೆ ಸಿಗುತ್ತಿದ್ದದ್ದು ನಾನು ಬಸ್ಸಿಳಿದು ಬಂದ ಮೇಲಿನ ಒಂದು ಗಂಟೆ ಮಾತ್ರ.

ಪ್ರತಿಯೊಬ್ಬರಿಗೂ ನಾಲ್ಕು ಎಲೆ. ನಡುವೆ ಎಲ್ಲರಿಗೂ ಸೇರಿ ಐದು ಎಲೆ ಬೀಳುತ್ತವೆ, ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಒಂದು. ಕೈಯಲ್ಲಿದ್ದವುಗಳಿಂದ ಸರಿಯಾಗಿ ಎರಡು, ನಡುವಿನವುಗಳಿಂದ ಸರಿಯಾಗಿ ಮೂರು ಆರಿಸಿ ಐದು ಎಲೆಯ ಜೋಡಣೆ ಮಾಡಬೇಕು. ಎರಡು ಎಂದರೆ ಎರಡೇ. ಒಂದಲ್ಲ, ಮೂರಲ್ಲ.

ಈ ಸಾಲನ್ನು ನಾನೀಗ ಸುಲಭವಾಗಿ ಬರೆದುಬಿಟ್ಟೆ. ಮೊದಲ ವಾರ ಇದೇ ನನ್ನನ್ನು ಕೊಂದಿತು. ಎರಡನೇ ದಿನವೋ ಮೂರನೇ ದಿನವೋ ನನ್ನ ಕೈಗೆ ನಾಲ್ಕು ರಾಜರೂ ಒಟ್ಟಿಗೆ ಬಂದರು. ಇದ್ದ ಗುಂಡಿಗಳನ್ನೆಲ್ಲ ಮುಂದೆ ತಳ್ಳಿದೆ. ಕಾಕಾ ಬರೀ ಒಂದು ಜೊತೆ ಎಕ್ಕಾ ತೋರಿಸಿ ಎಲ್ಲ ಬಾಚಿಕೊಂಡರು.

“ನಾಕ ರಾಜಾ ಅದಾವ್ರಿ ಕಾಕಾ!”

“ಇರಲಿ. ಆಡೋವು ಎರಡ. ಉಳಿದ ಎರಡು ಕೂತು ಮಜಾ ನೋಡತಾವು. ಇನ್ನ ನಡವ ರಾಜಾ ಬೀಳಬೇಕಂದ್ರ ಐದನೇ ರಾಜಾನ್ನ ಎಲ್ಲಿಂದ ತರ್ತಿ, ಕೊಲ್ಲಾಪುರದಿಂದ?”

ಎಲ್ಲ ಸಿಕ್ಕಿದೆ ಅನ್ನಿಸುವ ಕೈಯೇ ದಂಡದ ಕೈ. ನಾಲ್ಕು ಎಲೆಗಳಲ್ಲಿ ಎರಡೆರಡರ ಜೋಡಿ ಆರು ಆಗುತ್ತವೆ, ಆರೂ ಜೋಡಿ ಒಂದಕ್ಕೊಂದು ಕೈಹಿಡಿದರೆ ಮಾತ್ರ ಒಳ್ಳೆಯ ಕೈ ಎಂದು ಕಾಕಾ ಆರು ಬೆರಳು ಎಣಿಸಿ ತೋರಿಸಿದರು. ಆಮೇಲೆ ಗೆಲುವಿನ ಅಂದಾಜು. ನಡುವೆ ಮೂರು ಎಲೆ ಬಿದ್ದ ಮೇಲೆ ನನಗೆ ಬೇಕಾದ ಎಲೆ ಇನ್ನೂ ಎಷ್ಟು ಉಳಿದಿವೆ ಎಂದು ಎಣಿಸಬೇಕು, ಅದನ್ನು ನಾಲ್ಕರಿಂದ ಗುಣಿಸಬೇಕು. ನೂರಕ್ಕೆ ಹೆಚ್ಚುಕಡಿಮೆ ಅಷ್ಟು ಸಲ ಬರುತ್ತದೆ. ಒಂದೇ ಎಲೆ ಬಾಕಿಯಿದ್ದರೆ ಎರಡರಿಂದ. ಬದಾಮಿನ, ಅಂದರೆ ಕೆಂಪು ಹೃದಯದ ಗುರುತಿನ, ನಾಲ್ಕು ಎಲೆ ಕೂಡಿದ್ದರೆ ಇನ್ನೂ ಒಂಬತ್ತು ಬದಾಮು ಎಲ್ಲೋ ಇವೆ. ಒಂಬತ್ತನಾಲ್ಕಲೆ ಮೂವತ್ತಾರು.

ಗಣಿತ ನನಗೆ ತಲೆ ತಿರುಗಿಸಿದ್ದು ಗೊತ್ತು. ಹೀಗೆ ಅಮಲೇರಿಸಿದ್ದು ಅದೇ ಮೊದಲು. ಚಿಕ್ಕೋಡಿ ಬಸ್ಸಿನಲ್ಲಿ ನಿಂತುಕೊಂಡು ಮುಂದೆ ಇಳಿಯಬಹುದಾದವರನ್ನು ಎಣಿಸತೊಡಗಿದೆ. ಸೊಪ್ಪಿನ ಗಂಟಿನವಳು ಇಳಿಯುತ್ತಾಳೆ, ಶಾಲೆಯ ಮಾಸ್ತರು ಇಳಿಯುತ್ತಾರೆ, ನಿದ್ದೆ ಹೊಡೆಯುವವನು ಇಳಿಯುವುದಿಲ್ಲ. ಎರಡನಾಲ್ಕಲೆ ಎಂಟು. ಸೀಟು ಸಿಕ್ಕದಿದ್ದರೂ ಸಂತೋಷ, ಲೆಕ್ಕ ಸರಿಯಿತ್ತಲ್ಲ. ತರಗತಿಯಲ್ಲಿ ಪ್ರಶ್ನೆ ಕೇಳಿ, ಉತ್ತರ ಗೊತ್ತಿರಬಹುದಾದವರನ್ನು ಎಣಿಸಿ ನಾಲ್ಕರಿಂದ ಗುಣಿಸಿದೆ. ಸೊನ್ನೆ ನಾಲ್ಕಲೆ ಸೊನ್ನೆ ಬಂದು ನಗು ತಡೆಯಲಾಗಲಿಲ್ಲ. ವಿದ್ಯಾರ್ಥಿಗಳು ಗಾಬರಿಯಾದರು.

ಹನ್ನೊಂದನೇ ದಿನ ಎಲ್ಲ ಕೆಟ್ಟಿತು. ಇದು ದಿನಚರಿಯಲ್ಲಿ ಖಚಿತವಾಗಿದೆ. ಅಂದು ನಾನು ಏಳರಿಂದ ಗುಲಾಮನವರೆಗೆ ಸಾಲಾಗಿ ಐದು ಎಲೆ, ಅಂದರೆ ಸೀಕ್ವೆನ್ಸ್, ಜೋಡಿಸಿ ತೋರಿಸಿದೆ. ಕಾಕಾ ಐದೂ ಒಂದೇ ಜಾತಿಯ ಕಿಲವರ್ ಎಲೆ, ಅಂದರೆ ಕಲರ್, ತೋರಿಸಿ ಗುಂಡಿಗಳಿಗೆ ಕೈಹಾಕಿದರು. ಕಾಕು ಹೊಲಿಗೆ ನಿಲ್ಲಿಸಿದರು.

“ಅದ್ಹೆಂಗ? ಇಕಿದು ಸೀಕ್ವೆನ್ಸ್ ಐತಿ. ಇಕಿ ಗೆದ್ದಳು.”

“ಕಲರ್ ದೊಡ್ಡದು,” ಎಂದರು ಕಾಕಾ.

“ಏನ್ರಿ ನೀವು. ನನ್ನ ತವರೂರ ಪಾಲಬಾವಿ ಅಗಸಿ ಕಟ್ಟಿ ಮ್ಯಾಲೆ ಮೂರ ಎಲಿ ಆಡೋರನ್ನ ಸಣ್ಣಾಕಿ ಇದ್ದಾಗಿಂದ ನೋಡೀನಿ. ಸೀಕ್ವೆನ್ಸ್ ದೊಡ್ಡದು, ಕಲರ್ ಅದರ ಕೆಳಗ. ಆಡಲಾರದವರಿಗೂ ಗೊತ್ತೈತಿ ಇದು.”

“ಈ ಆಟದಾಗ ಹಂಗಲ್ಲ.”

ಕಾಕು ಗಂಡನ ಮುಖವನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಹನ್ನೊಂದು ದಿನ ತಪ್ಪನ್ನೇ ಕಲಿಸುತ್ತಿದ್ದಾರೆ, ಈ ಹುಡುಗಿಯೂ ತಲೆಯಾಡಿಸುತ್ತಿದ್ದಾಳೆ ಎಂದುಕೊಂಡರೋ ಏನೋ. “ಕೀಲಿ ಮಾತು ಇಲ್ಲಿಗೆ ಬಿಡ್ರಿ,” ಎಂದು ಮೆಲ್ಲಗೆ ಹೇಳಿದರು.

ನಾನು ಫೋನ್ ತೆಗೆದೆ. “ಗೋವಾಕ್ಕ ಭಾವಗ ಕೇಳೋಣ್ರಿ.”

“ಬ್ಯಾಡ,” ಎಂದರು ಕಾಕಾ. “ಅವಗ ಕೇಳಿದ್ರ ಅವನ ತಲಿ ಸರಿ ಐತಿ ಅಂತ ಆಗತೈತಿ. ನಂದಲ್ಲ.” ಕಾಕು ಕಡೆ ತಿರುಗಿದರು. “ಯಾವುದು ಅಪರೂಪಕ್ಕ ಬರತೈತಿ, ಅದು ದೊಡ್ಡದು. ಇಷ್ಟ ಒಪ್ಪತಿಯೋ?”

“ಒಪ್ಪದ ಏನು.”

“ಹಂಗಾದ್ರ ನಿಮ್ಮೂರ ಮೂರ ಎಲಿ ತಗೋ. ಎಕ್ಕಾ, ಎರಡು, ಮೂರರಿಂದ ಹಿಡದು ರಾಣಿ, ರಾಜಾ, ಎಕ್ಕಾ ತನಕ ಹನ್ನೆರಡು ಸಾಲು. ಒಂದೊಂದ ಎಲಿ ನಾಕ ಜಾತಿದಾಗ ಯಾವುದರೆ ಇರಬಹುದು. ನಾಕ ನಾಕಲೆ ಹದಿನಾರು, ಮತ್ತ ನಾಕಲೆ ಅರವತ್ನಾಕು. ಹನ್ನೆರಡಲೆ ಏಳನೂರಾ ಅರವತ್ತೆಂಟು ಸೀಕ್ವೆನ್ಸ್.” ನಾನು ಫೋನಿನ ಕ್ಯಾಲ್ಕ್ಯುಲೇಟರ್ ಒತ್ತಿದೆ, ಸರಿಯಿತ್ತು. “ಕಲರ್? ಹದಿಮೂರ ಎಲಿದಾಗ ಮೂರ ಆರಸಾಕ ಎರಡನೂರಾ ಎಂಬತ್ತಾರು ದಾರಿ. ನಾಕ ಜಾತಿ. ಸಾವಿರದಾ ನೂರಾ ನಲವತ್ನಾಕು. ಸೀಕ್ವೆನ್ಸ್ ಕಡಿಮಿ, ಅದಕ್ಕ ದೊಡ್ಡದು. ನಿಮ್ಮ ಪಾಲಬಾವಿ ಬರೋಬ್ಬರಿ ಐತಿ.”

ಕಾಕುವಿನ ಮುಖ ಸಡಿಲವಾಯಿತು.

“ಐದ ಎಲಿ ಆದ್ರ ಉಲ್ಟಾ. ಹತ್ತ ಸಾಲು, ಹತ್ತಸಾವಿರದಾ ಎರಡನೂರಾ ನಲವತ್ತು ಸೀಕ್ವೆನ್ಸ್. ಕಲರ್ ಐದಸಾವಿರದಾ ನೂರಾ ನಲವತ್ತೆಂಟು. ಅರ್ಧ.”

ನನಗೆ ಕುಣಿಯಬೇಕೆನಿಸಿತು. ಎಲೆ ಹೆಚ್ಚಾದ ಹಾಗೆ ದೊಡ್ಡದು ಸಣ್ಣದಾಗುತ್ತದೆ, ಸಣ್ಣದು ದೊಡ್ಡದಾಗುತ್ತದೆ. ಊರಬಾಗಿಲ ಅಗಸೆಕಟ್ಟೆಯವರೂ ಸರಿ, ಕಾಕಾನೂ ಸರಿ. ಆದರೆ ಕಾಕು ಗುಂಡಿಯೊಂದನ್ನು ಬೆರಳಲ್ಲಿ ತಿರುಗಿಸುತ್ತ ಕೂತಿದ್ದರು.

“ಮೂರರದು ಹಂತಹಂತ ಹೇಳಿದ್ರಿ,” ಎಂದರು. “ಐದರದು ಮಗ್ಗಿ ಒಪ್ಪಿಸಿದಂಗ ಒಪ್ಪಿಸಿದ್ರಿ. ಅಳಿಯ ಬಾಯಿಪಾಠ ಮಾಡಿಸ್ಯಾನ. ನಡವಿಂದ ನಾಕ ಬಿಟ್ರಿ ನೋಡ್ರಿ. ನಾಕ ಎಲಿ ಆದ್ರ ಯಾವುದು ದೊಡ್ಡದು?”

ನಾಲ್ಕು ಎಲೆಯ ಜೋಡಣೆಯ ಆಟವನ್ನು ನಾವು ಯಾರೂ ಕೇಳಿರಲಿಲ್ಲ. ಕಾಕಾ ಕಣ್ಣು ಮುಚ್ಚಿದರು. ಸೀಕ್ವೆನ್ಸ್ ಸುಲಭ, ಹನ್ನೊಂದು ಸಾಲು, ಒಂದೊಂದಕ್ಕೆ ಇನ್ನೂರ ಐವತ್ತಾರು, ಎರಡು ಸಾವಿರದ ಎಂಟುನೂರ ಹದಿನಾರು ಎಂದು ಹೇಳಿಬಿಟ್ಟರು. ಕಲರ್ ಕಷ್ಟ. ಹದಿಮೂರು, ಹನ್ನೆರಡು, ಹನ್ನೊಂದು, ಹತ್ತು ಗುಣಿಸಿ ಇಪ್ಪತ್ತನಾಲ್ಕರಿಂದ ಭಾಗಿಸಬೇಕು. ಅವರ ತುಟಿ ನಡುಗುತ್ತಿತ್ತು. ಕಣ್ಣು ಒಮ್ಮೆ ತೆರೆದು ನನ್ನ ಕಡೆ ನೋಡಿದ ಹಾಗಿತ್ತು. ನನ್ನ ಫೋನಿನಲ್ಲಿ ಉತ್ತರ ಆಗಲೇ ಬಂದಿತ್ತು.

“ಏಳನೂರಾ ಹದಿನೈದು. ನಾಕ ಜಾತಿಗೆ ಎರಡಸಾವಿರದಾ ಎಂಟನೂರಾ ಅರವತ್ತು.”

ಒಂದು ಕಡೆ ಎರಡು ಸಾವಿರದ ಎಂಟುನೂರ ಹದಿನಾರು, ಇನ್ನೊಂದು ಕಡೆ ಎರಡು ಸಾವಿರದ ಎಂಟುನೂರ ಅರವತ್ತು. ನಲವತ್ತನಾಲ್ಕೇ ವ್ಯತ್ಯಾಸ.

“ಕಾಟಾ ನಡಕ ಬಂದು ನಿಂತೈತಿ,” ಎಂದು ಕಾಕಾ ಉಸಿರು ಬಿಟ್ಟರು. “ನಿಮ್ಮೂರ ಕಡೆ ಒಂದ ತಟಕ ವಾಲೈತಿ, ನೋಡ.”

ಕಾಕು ನಕ್ಕರು, ಕಣ್ಣೊರೆಸಿಕೊಂಡರು, ಸೊಂಟದ ಚೀಲಕ್ಕೆ ಕೈಹಾಕಿದರು. “ಊಟ ಆಗಲಿ. ನಾಳೆ ನಾ ಹಿಂದ ಕೂಡತೀನಿ. ಜೋರ ಓಡಿಸಿದ್ರ ಕೊಗನೊಳ್ಳಿ ಮುಟ್ಟೋದ್ರಾಗ ಕೀಲಿ ಮತ್ತ ನನ್ನ ಕಡೆ.” ಮರುದಿನ ಇಬ್ಬರೂ ಹೋಗಿ ಬಂದರು. ಅಂದಿನಿಂದ ಕಾಕಾ ಒಬ್ಬರೇ ಹೋಗುತ್ತಾರೆ, ಹೆದ್ದಾರಿ ದಾಟಿ, ದಿನಾ.

ದಿನಚರಿಯಲ್ಲಿ ಆ ಪುಟ ತೆಗೆದರೆ ಈಗಲೂ ನನಗೆ ಅದೇ ಅಮಲು. ಆದರೆ ಅಲ್ಲಿ 715 ಎಂಬ ಅಂಕಿ ನನ್ನ ಅಕ್ಷರದಲ್ಲಿ ಒಂಟಿಯಾಗಿದೆ, ಯಾರು ಹೇಳಿದ್ದು ಎಂದು ಬರೆದಿಲ್ಲ. ನೆನಪಿನಲ್ಲಿ ಅದು ಕಾಕಾನ ದನಿಯಲ್ಲೇ ಕೇಳುತ್ತದೆ. ಓದುವಾಗ ತುಟಿ ಅಲ್ಲಾಡಿಸುವ ಚಟ ನನಗೆ ಚಿಕ್ಕಂದಿನಿಂದ ಇದೆ. ಸಂಖ್ಯೆ ನೋಡಿದರೆ ಗೊತ್ತಿಲ್ಲದೆ ಹೇಳಿಯೂ ಬಿಡುತ್ತೇನೆ. ನಾನು ಹೇಳಿಕೊಟ್ಟಿದ್ದರೆ ಆ ಕೀಲಿ ಸಿಕ್ಕಿದ್ದು ನನ್ನ ತಲೆಗೆ, ಓಡಿಸುತ್ತಿರುವುದು ಅವರು. ಇದನ್ನು ಕಾಕಾಗೆ ಕೇಳುವ ಧೈರ್ಯ ನನಗಿಲ್ಲ. ಕಳೆದ ವಾರ ಕಾಕು ರವಿಕೆಗೆ ಹುಕ್ಕು ಹಚ್ಚುತ್ತ ಕೂತಿದ್ದಾಗ ಅವರನ್ನೇ ಕೇಳಿದೆ. ಅವರು ದಾರ ಕಡಿದರು, ಇನ್ನೊಂದು ಹುಕ್ಕು ತೆಗೆದುಕೊಂಡರು.

“ಕಾಕು, ಅವತ್ತ ಏಳನೂರಾ ಹದಿನೈದು ಅಂತ ಮೊದಲ ನಿಮ್ಮ ಕಿವಿಗೆ ಬಿದ್ದದ್ದು ಯಾರ ದನಿರಿ, ಕಾಕಾಂದೋ, ನಂದೋ?”