ಎಂಟು ತುಂಬಿದ ಪದ್ಮಕ್ಕ

ಬೆಳಿಗ್ಗೆ ಕಾಯಿ ತುರಿಯುತ್ತ ಕೂತಿದ್ದೆ. ಪಕ್ಕದ ಕೋಣೆಯಲ್ಲಿ ಪಿಯುಸಿ ಓದುವ ಮಗಳು ರಸಾಯನಶಾಸ್ತ್ರವನ್ನು ಮಂತ್ರದ ಹಾಗೆ ಗಟ್ಟಿಯಾಗಿ ಹೇಳುತ್ತಿದ್ದಳು. ಕೆಲವು ಪರಮಾಣುಗಳು ಯಾರೊಡನೆಯೂ ಸುಲಭಕ್ಕೆ ಬಂಧ ಬೆಳೆಸುವುದಿಲ್ಲವಂತೆ. ಉಳಿದವಕ್ಕೆ ಒಂದೋ ಎರಡೋ ಎಲೆಕ್ಟ್ರಾನು ಹೆಚ್ಚು ಕಡಿಮೆ; ಅದಕ್ಕೇ ನೆರೆಮನೆ ಹುಡುಕುತ್ತವೆ. ಇವಕ್ಕೆ ಹೊರಗಿನ ಸುತ್ತಿನಲ್ಲಿ ಎಂಟೂ ತುಂಬಿರುವುದರಿಂದ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ, ಹಂಚಿಕೊಳ್ಳುವುದೂ ಇಲ್ಲ.

ತುರಿಯುವ ಕೈ ನಿಂತಿತು. ಇದು ನಮ್ಮ ಪದ್ಮಕ್ಕನ ಕಥೆಯಲ್ಲವೇ!

ಅಂಥವರನ್ನು ನೀವೂ ಕಂಡಿರಬಹುದು. ಭಟ್ಕಳದ ಹತ್ತಿರದ ಹೆಬಳೆಯಿಂದ ನಾನು ಮದುವೆಯಾಗಿ ಹೊನ್ನಾವರದ ಈ ಮನೆಗೆ ಬಂದಾಗ ಗೋಡೆಯಾಚೆ ಇದ್ದದ್ದು ಅವಳದೊಂದೇ ಮನೆ. ಗಂಡ ಅಂಗಡಿಗೆ ಹೋದರೆ ಸಂಜೆಯೇ ಬರುವುದು. ದೇವರ ಮುಂದೆ ದೀಪ ಹಚ್ಚಿ ನಾನು ಕೇಳುತ್ತಿದ್ದದ್ದು ಬಂಗಾರವಲ್ಲ, ಮಾತಾಡಲು ಒಂದು ಜನ. ತವರಿನಲ್ಲಿ ಬಟ್ಟಲುಗಳು ಬೇಲಿ ದಾಟಿ ಓಡಾಡುತ್ತಲೇ ಇರುತ್ತಿದ್ದವು. ಬಂದ ಪಾತ್ರೆಯನ್ನು ನಮ್ಮ ಕಡೆ ಖಾಲಿ ತಿರುಗಿಸುವುದಿಲ್ಲ, ಚಮಚ ಸಕ್ಕರೆಯಾದರೂ ಹಾಕಿಯೇ ಕೊಡುವುದು. ಹಾಗಾಗಿ ಒಮ್ಮೆ ಹೊರಟ ಬಟ್ಟಲಿಗೆ ನಿಲ್ಲುವ ದಾರಿಯೇ ಇಲ್ಲ.

ಪದ್ಮಕ್ಕ ಬಟ್ಟಲನ್ನೇ ಒಳಗೆ ಬಿಡುತ್ತಿರಲಿಲ್ಲ. ಪಾಯಸ ಒಯ್ದರೆ, "ನಮ್ಮಲ್ಲೂ ಮಾಡಿದ್ದೆ ತಂಗಿ." ದೋಸೆ ಒಯ್ದರೆ, "ಈಗಷ್ಟೇ ತಿಂದಾತು." ಹಲಸಿನಹಣ್ಣಿನ ಕಡುಬಿಗೂ ಮೂಗು ಅಲ್ಲಾಡಲಿಲ್ಲ, "ಎಂತಕ್ಕೆ ಸುಮ್ನೆ ತ್ರಾಸು?" ಎಂದು ನಗುತ್ತಲೇ ಬಾಗಿಲು ಮುಂದೆ ಮಾಡಿದಳು. ಬೈದಿದ್ದರೆ ಜಗಳವಾದರೂ ಆಗುತ್ತಿತ್ತು, ಅದೂ ಒಂದು ಮಾತುಕತೆಯೇ. ಸೊಕ್ಕಿನವಳೂ ಅಲ್ಲ. ಬಾವಿಯಲ್ಲಿ ನೀರು, ಹಿತ್ತಲಲ್ಲಿ ತರಕಾರಿ, ಭರಣಿಯಲ್ಲಿ ಹುಳಿಗೆಂದು ಒಣಗಿಸಿದ ಮುರುಗಲ ಸಿಪ್ಪೆ. ನಾನು ತಂದದ್ದನ್ನು ಇಡಲು ಜಾಗವಿರಲಿಲ್ಲ, ಅಷ್ಟೆ. ಕಡುಬನ್ನೆಲ್ಲ ನಾನೇ ತಿಂದು, ಹೊಟ್ಟೆ ಕೆಡಲಿಲ್ಲವಲ್ಲ ಎಂದು ದೇವರಿಗೆ ಕೈಮುಗಿದೆ.

ಆ ಮಳೆಗಾಲ, ಕುಮಟೆಯ ಹೊಳನಗದ್ದೆಯಲ್ಲಿ ತಮ್ಮ ಮಗಳ ಮನೆಯಲ್ಲಿದ್ದ ಅತ್ತೆ ಬಂದರು.

"ಮುಖ ಎಂತಕ್ಕೆ ಹಾಂಗೆ ಮಾಡ್ಕಂಡಿದ್ದೆ?"

ಎಲ್ಲ ಹೇಳಿದೆ. ಅತ್ತೆ ಹಣೆ ಚಚ್ಚಿಕೊಂಡರು. "ಹೊಟ್ಟೆ ತುಂಬಿದವಳಿಗೆ ಬಡಿಸೂಕೆ ಹೋಗ್ತ್ಯಲ್ಲೇ ಮಳ್ಳಿ! ನೋಡು ಈಗ."

ಕೊಡೆಯನ್ನೂ ಹಿಡಿಯದೆ ನಡೆದು ನೇರ ಪದ್ಮಕ್ಕನ ಅಡುಗೆಮನೆಗೇ ನುಗ್ಗಿದರು. "ಪದ್ಮಾ, ನಮ್ಮನೆ ಸಾರಿಗೆ ಹುಳಿ ಇಲ್ಲ. ನಿನ್ನ ಮುರುಗಲು ಕೊಡು," ಎನ್ನುವುದರೊಳಗೆ ಭರಣಿಗೆ ಕೈ ಹಾಕಿಯೇ ಬಿಟ್ಟಿದ್ದರು. ನಮ್ಮಲ್ಲಿ ಹುಳಿ ಬೇಕಾದಷ್ಟಿತ್ತು! ನಾನು ಹೊಸಿಲಲ್ಲಿ ನಿಂತು, ಮರ್ಯಾದೆ ಉಳಿಸಪ್ಪಾ ಎಂದು ದೇವರನ್ನು ನೆನೆದೆ.

ಪದ್ಮಕ್ಕ ಒಂದು ಗಳಿಗೆ ಬೆರಗಾದಳು. ಆಮೇಲೆ, "ಅದು ಹಳೇದು. ತಡೀರಿ, ಈ ವರ್ಷದ್ದು ಕೊಡ್ತೆ," ಎಂದು ಒಳಗಿನಿಂದ ಇನ್ನೊಂದು ಭರಣಿ ತಂದಳು. ಮುರುಗಲು ಒಣಗಿಸುವ ಬಗೆ ಹೇಳುತ್ತ ಕೂತವಳು ಒಲೆಯ ಮೇಲೆ ಅನ್ನ ಹೊತ್ತಿದರೂ ಏಳಲಿಲ್ಲ. ಅದುವರೆಗೆ ಅವಳ ಹತ್ತಿರ ಯಾರೂ ಏನನ್ನೂ ಕೇಳಿರಲೇ ಇಲ್ಲವಂತೆ.

"ಆಯಿ, ಇಲ್ಲಿ ಕೇಳು," ಮಗಳು ಪುಸ್ತಕ ಹಿಡಿದು ಬಾಗಿಲಿಗೆ ಬಂದಳು. "ಫ್ಲೋರಿನ್ ಅಂತ ಒಂದುಂಟು, ಭಾರೀ ಆಸೆಬುರುಕ. ಅದು ಎಂಟು ತುಂಬಿದ ಕ್ಸೆನಾನಿನ ಎಲೆಕ್ಟ್ರಾನನ್ನೂ ತನ್ನ ಕಡೆ ಎಳೆದು ಬಂಧ ಮಾಡ್ಕೊಳ್ತದೆ."

"ಅದು ನಿನ್ನ ಅಜ್ಜಿಯೇ," ಎಂದೆ.

"ಅದೇ ಗುಂಪಿನ, ಎರಡಕ್ಕೇ ತುಂಬಿದ ಹೀಲಿಯಂ ಮಾತ್ರ ಅದಕ್ಕೂ ಬಗ್ಗೂದಿಲ್ಲ."

"ಅಜ್ಜಿ ಕೈಗೆ ಸಿಕ್ಕಿಲ್ಲ ಅದು."

ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಪದ್ಮಕ್ಕ. "ತಂಗಿ, ನಾಲ್ಕು ಎಲೆ ಕರಿಬೇವು ಕೊಡೇ. ನಮ್ಮಲ್ಲಿ ಖರ್ಚಾತು."

ನಮ್ಮ ಹಿತ್ತಲಲ್ಲಿ ಕರಿಬೇವಿನ ಗಿಡವೇ ಇಲ್ಲ. ಅವಳ ಗಿಡದ ಟೊಂಗೆಯೊಂದು ಗೋಡೆಯ ಮೇಲಿಂದ ಈಚೆ ಬಗ್ಗಿದೆ, ಅಷ್ಟೆ. ಅದರಿಂದಲೇ ಮುರಿದು ಕೊಟ್ಟೆ. ಪದ್ಮಕ್ಕ ಮೂಸಿ ನೋಡಿ, "ನಿಮ್ಮನೆ ಕರಿಬೇವಿನ ಪರಿಮಳವೇ ಬೇರೆ ಮಾರಾಯ್ತಿ," ಎಂದು ಮಣೆ ಎಳೆದುಕೊಂಡು ಕೂತಳು.