ಭಾವನವರ ಹೋಪಿ ಮಡಕೆ

ಬೇಸಿಗೆ ಬಂತೆಂದು ಇವತ್ತು ಬೆಳಿಗ್ಗೆ ಹೊಸ ಮಡಕೆಯೊಂದಕ್ಕೆ ನೀರು ತುಂಬಿದೆ. ಒಣಮಣ್ಣು ಮೊದಲ ಸಲ ನೀರು ಹೀರುವಾಗ ಏಳುವ ವಾಸನೆ ನಿಮಗೂ ಗೊತ್ತಿರುತ್ತದೆ. ಬಹಳ ಜನ ಅದನ್ನು ಕಣ್ಣು ಮುಚ್ಚಿ ಮೂಸುತ್ತಾರೆ. ನಾನು ಮಾತ್ರ ಮಡಕೆಯ ಬಾಯಿಂದ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

"ಏನಮ್ಮ, ಮುಖ ಯಾಕೆ ಹಾಗಾಯ್ತು?" ಎಂದಳು ಮಗಳು. ಅವಳೂ ಆ ಕಥೆಯಲ್ಲಿ ಇದ್ದವಳೇ, ನಿದ್ದೆ ಮಾಡುತ್ತಾ. ಇವತ್ತು ಹೇಳಿಬಿಟ್ಟೆ. ನಿಮಗೂ ಹೇಳುತ್ತೇನೆ.

ಅರವತ್ತರ ದಶಕದ ಆರಂಭ. ನಾನು ಸೊಸೆಯಾಗಿ ಬಂದಾಗ ಜಯನಗರದ ನಮ್ಮ ಬೀದಿ ಮುಗಿದಲ್ಲೇ ರಾಗಿ ಹೊಲ ಶುರುವಾಗುತ್ತಿತ್ತು. ಮನೆಯಲ್ಲಿ ಅತ್ತೆ, ನನ್ನ ಗಂಡ, ಮದುವೆಯಾಗದ ಭಾವ. ಭಾವ ಒಣಬೇಸಾಯ ಕಲಿಯಲು ಅಮೆರಿಕದ ಅರಿಜೋನಾಕ್ಕೆ ಹೋಗಿ ಬಂದವರು. ಹಾಗೆ ಹೋದವರೆಲ್ಲ ರೇಡಿಯೋ, ಕೈಗಡಿಯಾರ ತರುತ್ತಿದ್ದರು. ಇವರು ಪಂಚೆ, ಬನಿಯನ್ನುಗಳಲ್ಲಿ ಸುತ್ತಿ ಮಡಕೆ ತಂದರು! ಅಲ್ಲಿಯ ಮೂಲನಿವಾಸಿಗಳಾದ ಹೋಪಿ ಜನರ ಮಡಕೆಗಳು. ರಜೆ ಸಿಕ್ಕಾಗಲೆಲ್ಲ ಬಂಡೆಬೆಟ್ಟದ ನೆತ್ತಿಯ ಮೇಲಿನ ಅವರ ಊರುಗಳಿಗೆ ಹೋಗಿ, ಮಾಡಿದ ಹೆಂಗಸರ ಕೈಯಿಂದಲೇ ಒಂದೊಂದಾಗಿ ಕೊಂಡದ್ದು.

"ಅಲ್ವೋ, ಸಮುದ್ರ ದಾಟಿ ಹೋಗಿ ಮಡಕೆ ತಂದ್ಯಲ್ಲೋ!" ಎಂದಿದ್ದರು ಅತ್ತೆ.

"ಇದು ಚಕ್ರದ ಮೇಲೆ ಮಾಡಿದ್ದಲ್ಲಮ್ಮ. ಚಕ್ಕುಲಿ ಸುತ್ತೋ ಹಾಗೆ ಮಣ್ಣು ಸುತ್ತಿ ಸುತ್ತಿ ಕೈಯಲ್ಲೇ ಎಬ್ಬಿಸ್ತಾರೆ."

"ಹಾಗಾದ್ರೆ ಅದ್ರಲ್ಲಿ ಚಕ್ಕುಲೀನೇ ತುಂಬಿಡು."

ಎಲ್ಲಕ್ಕಿಂತ ದೊಡ್ಡದು ಬೀಜ ತುಂಬಿಡುವ ಮಡಕೆ. ಅಗಲ ಹೊಟ್ಟೆ, ಪುಟ್ಟ ಬಾಯಿ, ಹಳದಿ ಮೈಮೇಲೆ ಕಪ್ಪು ಕೆಂಪು ಗರಿಗಳ ಚಿತ್ತಾರ. ಬೀರುವಿನಲ್ಲಿ ಹಿಡಿಸದೆ ಹಾಲಿನ ಮೂಲೆಯಲ್ಲಿ ನೆಲದ ಮೇಲೇ ಇತ್ತು. ಭಾವ ದಿನಾ ತಮ್ಮ ಟವೆಲಿನಿಂದ ಒರೆಸುವರು. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ನನ್ನ ಎಳೆ ಮಗು ಅತ್ತರೆ ತಲೆಯೆತ್ತಿ ನೋಡದ ಮನುಷ್ಯ ಮಡಕೆಗೆ ಇಷ್ಟು ಉಪಚಾರ ಮಾಡುತ್ತಾರಲ್ಲ ಎಂದು ನನಗೆ ಒಳಗೊಳಗೇ ಉರಿ. ಆದರೆ ಭಾವನೆದುರು ನಿಂತು ಮಾತಾಡುವ ಕಾಲವಲ್ಲ ಅದು.

ಅವತ್ತು ಮಧ್ಯಾಹ್ನ ಮಗುವನ್ನು ಆ ಮೂಲೆಯಲ್ಲೇ ಚಾಪೆಯ ಮೇಲೆ ಮಲಗಿಸಿ, ಈಚೆ ಕಡೆ ಕೂತು ಅಕ್ಕಿ ಆರಿಸುತ್ತಿದ್ದೆ. ಹಿತ್ತಲ ಬಾಗಿಲಿಂದ ಏನೋ ಹರಿದು ಬಂತು. ನಾಗರಹಾವು. ಚಾಪೆಯ ಅಂಚಿಗೇ ಸವರಿಕೊಂಡು ಹೋಗಿ, ತಲೆಯೆತ್ತಿ ಒಂದು ಗಳಿಗೆ ನಿಂತು, ಮಡಕೆಯ ಬಾಯೊಳಗೆ ಇಳಿಯಿತು. ನಾನು ಏಳಲಾರದೆ ಹೋದೆ. ಬಾಲ ಒಳಗೆ ಸೇರಿದ ಮೇಲೇ ನಾನು ಕೂಗಿಕೊಂಡಿದ್ದು.

ಭಾವ ಕೋಣೆಯಿಂದ ಬಂದರು. ನನ್ನ ಕೈ ತೋರಿಸಿದ ಕಡೆ ನೋಡಿದರು. ನನ್ನ ಮುಂದಿದ್ದ ಹಿತ್ತಾಳೆ ತಟ್ಟೆಯಿಂದ ಅಕ್ಕಿ ಸುರಿದು, ಅದನ್ನು ಮಡಕೆಯ ಬಾಯಿಗೆ ಒತ್ತಿ ಹಿಡಿದರು. ಒಳಗಿಂದ ಬುಸ್ಸೆಂದಿತು.

"ಒಡೆದುಬಿಡಿ ಭಾವ! ಒಡೆದು ಸಾಯಿಸಿ!" ಎಂದು ಕಿರುಚಿದೆ. ಅವರೊಡನೆ ನಾನು ನೇರವಾಗಿ ಆಡಿದ ಮೊದಲ ಮಾತು ಅದು.

"ಮಗೂನ ಎತ್ಕೊಂಡು ಹೊರಗೆ ಹೋಗು."

ಎತ್ತಿಕೊಂಡು ಓಡಿದೆ. ಮಡಕೆ ಉಳಿಸಿಕೊಳ್ಳುತ್ತಿದ್ದಾರೆ ಈ ಮನುಷ್ಯ ಎಂದು ಮೈಯೆಲ್ಲ ಬೆಂಕಿಯಾಗಿತ್ತು.

ಭಾವ ಮಡಕೆಯನ್ನು ಎದೆಗವಚಿಕೊಂಡು, ತಟ್ಟೆಯ ಮೇಲಿನ ಅಂಗೈ ಸಡಿಲಿಸದೆ ಹೊಲದ ಕಡೆ ನಡೆದರು. ಎದುರುಮನೆಯ ಮುನಿಯಪ್ಪನವರು ದೊಣ್ಣೆ ಹಿಡಿದು ಬಂದರು. ಅದೇ ಊರಿನ ಹಳೇ ರೈತರು.

"ಸಾರ್, ಕೆಳಗಿಡಿ, ಒಂದೇ ಏಟು."

"ಬೇಡ, ದೂರ ನಿಲ್ಲಿ."

ಬದುವಿನ ಹತ್ತಿರ ಮಡಕೆಯನ್ನು ಒರಗಿಸಿಟ್ಟು, ತಟ್ಟೆ ಬಿಟ್ಟು ಹಿಂದೆ ಸರಿದರು. ಹಾವು ಬರಲಿಲ್ಲ. ಮಗುವನ್ನೆತ್ತಿಕೊಂಡು ಹಿಂದೆಯೇ ಬಂದಿದ್ದ ನಾನೂ ಸೇರಿ ಎಲ್ಲರೂ ಬಿಸಿಲಲ್ಲಿ ಆ ಪುಟ್ಟ ಕಪ್ಪು ಬಾಯನ್ನೇ ನೋಡುತ್ತಾ ನಿಂತೆವು. ಅಷ್ಟರಲ್ಲಿ ಬದುವಿನ ದಾರಿಯಲ್ಲಿ ಸ್ಕೂಲು ಬಿಟ್ಟ ಮಕ್ಕಳ ಗಲಾಟೆ ಕೇಳಿಸಿತು. ಭಾವ ಒಂದು ಸಲ ಆ ಕಡೆ ನೋಡಿದರು. ಬಾಗಿ, ಕಲ್ಲು ಎತ್ತಿಕೊಂಡು, ತಾವೇ ಗುರಿಯಿಟ್ಟು ಎಸೆದರು.

ಗರಿಗಳ ಚಿತ್ತಾರ ಹೋಳಾಯಿತು. ಹಾವು ಹೆಡೆಯೆತ್ತಿ ನಮ್ಮತ್ತ ತಿರುಗಿತು. ಆಮೇಲೆ ಹೆಡೆ ಇಳಿಸಿ, ರಾಗಿ ಪೈರಿನೊಳಗೆ ಹೊರಟುಹೋಯಿತು.

ಮನೆಯ ಕಡೆ ಬರುವಾಗ ಭಾವ ನನ್ನ ಮುಖ ನೋಡದೆ ಹೇಳಿದರು: "ಒಳಗೇ ಒಡೆದಿದ್ರೆ ಅದು ಎಲ್ಲಿಗೆ ಹೋಗ್ತಿತ್ತಮ್ಮ? ಚಾಪೆ ಮೇಲಕ್ಕೇ ಅಲ್ವಾ?"

ಬಾಗಿಲಲ್ಲಿ ಅತ್ತೆ ಕಾದು ನಿಂತಿದ್ದರು.

"ಅಂಥದೇ ಇನ್ನೊಂದು ತರಿಸೋಕಾಗಲ್ವೇನೋ?" ಎಂದು ಅತ್ತೆ ಮೆಲ್ಲಗೆ ಕೇಳಿದರು.

"ಅದು ಮಾಡಿದವರ ಕೈಯಲ್ಲಿ ಹುಟ್ಟಿದ್ದಮ್ಮ. ಅವರಿಗೇ ಇನ್ನೊಂದ್ಸಲ ಬರಲ್ಲ."

ಕಥೆ ಕೇಳಿದ ಮಗಳು ಹೊಸ ಮಡಕೆಯ ಬಾಯಿಗೆ ತಟ್ಟೆ ಮುಚ್ಚಿದಳು. ತನ್ನನ್ನು ಒಂದು ದಿನವೂ ಮುದ್ದಿಸದ ದೊಡ್ಡಪ್ಪನ ನೆನಪು ಮಾತ್ರ ಅವಳಿಗೆ.

"ಹಾವು ಇಟ್ಕೊಂಡು ನಡೆಯೋವಾಗ ದೊಡ್ಡಪ್ಪನ ಕೈ ನಡುಗ್ಲಿಲ್ವಾ?"

"ಆಗ ನಡುಗ್ಲಿಲ್ಲ ಕಣೇ. ಮನೆಗೆ ಬಂದು ಕೂತ್ಮೇಲೆ ಶುರುವಾಯ್ತು. ಕಾಫಿ ಲೋಟ ಹಿಡಿಯೋಕಾಗ್ಲಿಲ್ಲ. ನಿಮ್ಮಜ್ಜಿ ನೋಡ್ತಾನೇ ಇದ್ರು, ನಾನೇ ಮುಂದೆ ಹೋಗಿ ಹಿಡ್ಕೊಂಡು ಕುಡಿಸ್ದೆ."