ಅವರೆಕಾಯಿಯ ಮೇಲಿನ ಆರೋಪ

ಅವರೆಕಾಯಿಯ ಕಾಲ ಬಂತೆಂದರೆ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಏನಡುಗೆ ಎಂದು ವಿಚಾರಿಸಬೇಕಾಗಿಲ್ಲ. ಬಾಗಿಲ ಮುಂದಿನ ಸಿಪ್ಪೆಯ ರಾಶಿಯೇ ಹೇಳಿಬಿಡುತ್ತದೆ. ಚಿಕ್ಕಬಳ್ಳಾಪುರದ ದನಗಳು ಆ ಎರಡು ತಿಂಗಳು ನಮಗಿಂತ ಲಕ್ಷಣವಾಗಿ ಊಟ ಮಾಡುತ್ತವೆ. ಒಂದೊಂದು ಮನೆಯ ಮುಂದೂ ನಿಂತು, ಮೆಲ್ಲುತ್ತ, ಬಾಲ ಬೀಸುತ್ತ ಬರುವ ಕೆಂಪು ಹಸುವೊಂದು ನಮ್ಮ ಮನೆಯೆದುರು ಮಾತ್ರ ತಲೆಯೆತ್ತಿಯೂ ನೋಡದೆ ಸಾಗಿಹೋಗುವುದನ್ನು, ಕಾಫಿ ಲೋಟ ಹಿಡಿದು ನಿಂತ ನಾನು ಪ್ರತಿವರ್ಷವೂ ನೋಡುತ್ತ ಬಂದಿದ್ದೇನೆ. ಈ ಬಾಗಿಲಲ್ಲಿ ಅವರೆ ಸಿಪ್ಪೆ ಬೀಳುವುದಿಲ್ಲವೆಂಬ ವಿಷಯ ಅದಕ್ಕೂ ಗೊತ್ತು.

ಕಾರಣ ಸರಳ. ನಮ್ಮ ತಂದೆ ಅವರೆಕಾಯಿಯಿಂದ ತೀರಿಕೊಂಡರು. ಹಾಗೆಂದು ನಾನು ಹೇಳುತ್ತಿಲ್ಲ, ನಮ್ಮ ಬಂಧುವರ್ಗ ಹೇಳುತ್ತದೆ. ನಾನು ಕಾಲೇಜಿನಲ್ಲಿ ಓದುತ್ತಿದ್ದ ಕಾಲ. ಮಂಡಿಕಲ್ ಕಡೆಯ ನಮ್ಮೂರಿನಲ್ಲಿ ಒಂದು ಸಂಜೆ ಹೊಲದಿಂದ ಬಂದವರು ಅವರೆಕಾಳಿನ ಸಿಪ್ಪೆ ಕಳಚಿ ಮಾಡಿದ ಹಿತಕಿದ ಬೇಳೆ ಸಾರಿನಲ್ಲಿ ಮುದ್ದೆ ಉಂಡು, ಎದೆಯಲ್ಲಿ ಗ್ಯಾಸ್ ಸಿಕ್ಕಿಕೊಂಡಿದೆಯೆಂದು ಜೀರಿಗೆ ನೀರು ಕುಡಿದು, ಜಗಲಿಯ ಮೇಲೆ ಮಲಗಿದವರು ಮತ್ತೆ ಏಳಲಿಲ್ಲ. ಆಗ ಅವರಿಗೆ ಐವತ್ತರ ಆಸುಪಾಸು. ತಿಥಿ ಮುಗಿಯುವುದರೊಳಗೆ ಹಿರಿಯರ ತೀರ್ಪು ಹೊರಬಿತ್ತು: ಅವರೆಯ ವಾಯು ಎದೆಗೇರಿದ್ದೇ ಮರಣಕ್ಕೆ ಕಾರಣ. ಅಂದಿನಿಂದ ಆ ಕಾಳಿಗೆ ನಮ್ಮ ಮನೆಯಿಂದ ಗಡಿಪಾರು. ಚಿಂತಾಮಣಿಗೆ ಮದುವೆಯಾಗಿ ಹೋದ ನನ್ನ ತಂಗಿ, ಅತ್ತೆಮನೆಯವರು ಅದನ್ನೇ ಪಿತಿಕಿಪಪ್ಪು ಎಂದು ತೆಲುಗಿನಲ್ಲಿ ಮುದ್ದಾಗಿ ಕರೆದು ಬಡಿಸಿದರೂ ಮುಟ್ಟಿದವಳಲ್ಲ.

ಇದರಲ್ಲಿ ನಗುವ ಸಂಗತಿಯೆಂದರೆ ನನ್ನ ವೃತ್ತಿ. ನಾನು ಶಿಡ್ಲಘಟ್ಟದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕ. ದ್ವಿದಳ ಧಾನ್ಯಗಳ ಗುಣಗಾನವನ್ನು ತರಗತಿಯಲ್ಲಿ ನಿರರ್ಗಳವಾಗಿ ಮಾಡಿ, ಮನೆಗೆ ಬಂದು ಅವುಗಳಲ್ಲೊಂದನ್ನು ಕೊಲೆಗಾರನೆಂದು ನಂಬುವ ಅಪರೂಪದ ವಿಜ್ಞಾನಿ. ಕರಿಹಲಗೆಯ ಮೇಲೆ ಕೆಂಪು ನೀಲಿ ಸೀಮೆಸುಣ್ಣಗಳಿಂದ ನಾನು ಬರೆಯುವ ಹೃದಯದ ಚಿತ್ರವನ್ನು ಅಳಿಸಲು ಮಕ್ಕಳಿಗೇ ಮನಸ್ಸು ಬರುವುದಿಲ್ಲವಂತೆ. ಒಳಗಿರುವ ಹೃದಯವನ್ನು ಯಾರೂ ಹಾಗೆ ಹೊಗಳಿರಲಿಲ್ಲ, ನಾನೂ ಅದರ ಯೋಗಕ್ಷೇಮ ವಿಚಾರಿಸಿರಲಿಲ್ಲ. ವಿಚಾರಿಸುವ ಅಗತ್ಯವೇನಿತ್ತು ಹೇಳಿ? ಅಪಾಯವನ್ನು ಗುರುತು ಹಿಡಿದು ಊರಾಚೆಗೆ ಅಟ್ಟಿ ಆಗಿತ್ತಲ್ಲ. ಹೀಗಾಗಿ ನಿಪ್ಪಟ್ಟು, ಬೋಂಡ, ಉಪ್ಪಿನಕಾಯಿ, ಮುದ್ದೆಯ ಗುಣಿಯಲ್ಲಿ ನಿಲ್ಲುವ ತುಪ್ಪ ಇವೆಲ್ಲ ನಮ್ಮ ಮನೆಯಲ್ಲಿ ನಿರಾತಂಕವಾಗಿ ಬೆಳೆದವು, ಅವುಗಳ ಜೊತೆಗೆ ನನ್ನ ಹೊಟ್ಟೆಯೂ.

ಆ ಹೊಟ್ಟೆಯನ್ನು ನೋಡಲಾರದೆ ನನ್ನಾಕೆ ಒಂದು ಶನಿವಾರ ನನ್ನನ್ನು ಡಾಕ್ಟರ್ ಶಾಹೀನ್ ಬಳಿಗೆ ಹೊರಡಿಸಿದಳು. ಅಲೀಪುರದ ಈ ಶಾಹೀನ್, ನಾನು ಗೌರಿಬಿದನೂರಿನಲ್ಲಿದ್ದಾಗ ನನ್ನ ವಿದ್ಯಾರ್ಥಿನಿ. ಈಗ ಚಿಕ್ಕಬಳ್ಳಾಪುರದಲ್ಲೇ ವೈದ್ಯೆ. ನಾನು ಒಂದು ಕಾಲಕ್ಕೆ ಅವಳನ್ನು ನಿಲ್ಲಿಸಿ ಪ್ರಶ್ನೆ ಕೇಳಿದ್ದೆ. ಈಗ ಅವಳು ನನ್ನನ್ನು ಕೂರಿಸಿ ಕೇಳಿದಳು. ವಯಸ್ಸು, ರಕ್ತದೊತ್ತಡ, ಸಕ್ಕರೆ, ಕೊಬ್ಬು, ಬೀಡಿ ಸಿಗರೇಟು. ಒತ್ತಡ ಹೆಚ್ಚಿತ್ತು, ಕೊಬ್ಬೂ ಸಂಭಾವಿತರ ಮಟ್ಟದಲ್ಲಿರಲಿಲ್ಲ. ಆದರೂ ಮನೆತನದ ಪ್ರಶ್ನೆ ಬಂದಾಗ ನಾನು ಎದೆಯುಬ್ಬಿಸಿ, ನಮ್ಮ ವಂಶದಲ್ಲಿ ಹೃದ್ರೋಗವೆಂಬುದೇ ಇಲ್ಲ, ತಂದೆಯವರು ಹೋದದ್ದು ಅವರೆಕಾಯಿಯಿಂದ ಎಂದೆ. ಅವಳು ಬರೆಯುವುದನ್ನು ನಿಲ್ಲಿಸಿದಳು.

"ಸರ್, ಅವರೆಕಾಯಿ ತಿಂದು ಯಾರೂ ಹಂಗೆ ಸಾಯಲ್ಲ. ಅವತ್ತು ಏನೇನಾಯ್ತು ಅಂತ ಅಮ್ಮನ್ನ ಕೇಳ್ಕೊಂಡು ಬನ್ನಿ. ತಂದೆಗೆ ಚಿಕ್ಕ ವಯಸ್ಸಲ್ಲೇ ಹಾರ್ಟ್ ತೊಂದ್ರೆ ಇದ್ದಿದ್ರೆ ಅದು ಮಗನಿಗೂ ಬರಬೋದು, ನಿಮ್ಮ ಲೆಕ್ಕಾನೇ ಬೇರೆ."

ಅಮ್ಮನನ್ನು ಕೇಳುವುದು ಅವಳಂದುಕೊಂಡಷ್ಟು ಸುಲಭವಾಗಿರಲಿಲ್ಲ. ಆ ಸಂಜೆಯ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿದ್ದಿಲ್ಲ. ಅವರೆಕಾಯಿಯನ್ನು ಬೈಯುತ್ತಿದ್ದೆವು, ಅದನ್ನು ಹಿತುಕಿ, ಅಟ್ಟು, ಬಡಿಸಿದ ಕೈಯ ವಿಷಯ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಬೀದಿಯ ತುಂಬ ಅವರೆಯ ಸೊಗಡು ಹರಡಿದ ದಿನಗಳಲ್ಲಿ ಅಮ್ಮ ಕಿಟಕಿ ಮುಚ್ಚಿ ಕೂರುತ್ತಿದ್ದಳು. ಎರಡು ದಿನ ಅವಳ ಸುತ್ತ ಸುಳಿದಾಡಿ, ಮೂರನೆಯ ದಿನ, ಅವಳು ಹೂ ಕಟ್ಟುತ್ತಿದ್ದಾಗ ಕೇಳಿಯೇಬಿಟ್ಟೆ. ಅವಳು ತಲೆ ಎತ್ತದೆ ಹೇಳಿದಳು.

"ಅವತ್ತು ಉಣ್ಣೋಕೆ ಮುಂಚೇನೇ ಮೈಯೆಲ್ಲ ಬೆವರು ಕಣಪ್ಪ, ಆ ಚಳೀಲಿ. ಅಂಗಿ ಹಿಂಡೋ ಹಂಗಿತ್ತು. ದವಡೆ ನೋಯ್ತದೆ ಅಂದ್ರು. ಬಿಸಿ ಸಾರು ಉಂಡ್ರೆ ಸರಿಹೋಗ್ತದೆ ಅಂತ ನಾನೇ ಇನ್ನೊಂದು ಸೌಟು ಬಿಟ್ಟೆ." ಇನ್ನೆರಡು ಹೂ ದಾರಕ್ಕೆ ಸೇರಿಸಿ ಮತ್ತೆ ಅಂದಳು: "ಆ ತಿಂಗಳೆಲ್ಲ ಹೊಲದಿಂದ ಬರೋವಾಗ ದಾರೀಲಿ ನಿಂತು ನಿಂತು ಬರೋರು. ಯಾಕೆ ಅಂದ್ರೆ ಪೈರು ನೋಡ್ತಿದ್ದೆ ಕಣೇ ಅನ್ನೋರು. ಕುಯ್ದಿರೋ ಹೊಲದಾಗೆ ಏನು ಪೈರು ನೋಡ್ತಿದ್ರೋ ಏನೋ."

ಓದುಗ ಮಹಾಶಯರೇ, ಇಲ್ಲಿ ನಾನು ನಿಮಗೂ ಶಾಹೀನಳಿಗೂ ಹೇಳದೆ ಮುಚ್ಚಿಟ್ಟ ಒಂದು ಮಾತನ್ನು ಹೇಳಬೇಕು. ನಮ್ಮ ಕಾಲೇಜಿನ ಮೆಟ್ಟಿಲುಗಳ ನಡುವೆ ಒಂದು ಸೂಚನಾ ಫಲಕವಿದೆ. ದಸರೆ ಕಳೆದಾಗಿನಿಂದ ನಾನು ಅದನ್ನು ದಿನವೂ ಬಹಳ ಶ್ರದ್ಧೆಯಿಂದ ಓದುತ್ತಿದ್ದೇನೆ. ಎದೆಯ ಮೇಲೆ ಯಾರೋ ಅಂಗೈ ಊರಿದಂತಾಗುತ್ತದೆ, ನಿಲ್ಲುತ್ತೇನೆ, ಹಳೆಯ ಶುಲ್ಕದ ಪ್ರಕಟಣೆಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ, ಅಂಗೈ ಹಗುರಾಗುತ್ತದೆ, ಹತ್ತುತ್ತೇನೆ. ಗ್ಯಾಸ್ ಎಂದುಕೊಂಡಿದ್ದೆ. ಅವರೆಕಾಯಿ ತಿನ್ನದವನಿಗೆ ಇನ್ನೇನು ಆದೀತು? ಅಮ್ಮನ ಮಾತು ಕೇಳಿದಾಗ ಆ ಫಲಕವೇ ಕಣ್ಣ ಮುಂದೆ ಬಂತು. ಅಪ್ಪ ಪೈರು ನೋಡುತ್ತಿದ್ದರು, ಮಗ ಪ್ರಕಟಣೆ ಓದುತ್ತಿದ್ದ.

ಈ ಬಾರಿ ಶಾಹೀನಳಿಗೆ ಎಲ್ಲವನ್ನೂ ಹೇಳಿದೆ. ಮೊದಲೇ ಯಾಕೆ ಹೇಳಲಿಲ್ಲವೆಂದು ಅವಳು ನನ್ನನ್ನು, ನಾನು ಹಿಂದೆಂದೂ ಅವಳನ್ನು ಗದರಿಸದಷ್ಟು ಗದರಿಸಿದಳು. ಇಸಿಜಿ ಮಾಡಿಸಿ ಮಾತ್ರೆಗಳನ್ನು ಬರೆದಳು. ಉಪ್ಪು, ಎಣ್ಣೆಗಳಿಗೆ ಕಡಿವಾಣ ಹಾಕಿದಳು. ಬೆಂಗಳೂರಿಗೆ ಹೋಗಿ ಆಂಜಿಯೋಗ್ರಾಂ ಮಾಡಿಸಲೇಬೇಕೆಂದು ತಾನೇ ಫೋನು ಮಾಡಿ ಬರುವ ವಾರಕ್ಕೆ ದಿನ ಗೊತ್ತುಮಾಡಿದಳು. "ಅಪ್ಪನ್ನ ಬದಲಾಯಿಸೋಕಾಗಲ್ಲ ಸರ್, ಮಿಕ್ಕಿದ್ದೆಲ್ಲ ಮಾಡಬೋದು. ನಿಮ್ಮ ತಂದೆಯವ್ರಿಗೆ ಹೇಳೋರು ಇರಲಿಲ್ಲ, ನಿಮಗಿದ್ದಾರೆ," ಎಂದಳು. ಅದು ಸಮಾಧಾನವೆಂದು ನನಗೆ ಗೊತ್ತಾಗುವಷ್ಟು ಬುದ್ಧಿಯಿತ್ತು, ಸಮಾಧಾನಗೊಳ್ಳುವಷ್ಟು ಧೈರ್ಯವಿರಲಿಲ್ಲ. ಇಷ್ಟು ವರ್ಷ ಶತ್ರು ಹೊಲದಲ್ಲಿದ್ದ. ಅವನನ್ನು ನಿರಪರಾಧಿಯೆಂದು ಬಿಟ್ಟ ಕ್ಷಣ, ಆರೋಪಿಯ ಜಾಗಕ್ಕೆ ನನ್ನ ರಕ್ತವೇ ಬಂದು ನಿಂತಿತು. ಬಸ್ಸಿನಲ್ಲಿ ಕೂತರೂ ನಾಡಿ ಹಿಡಿದುಕೊಳ್ಳುವ ಚಾಳಿ ಹತ್ತಿತು.

ಆದರೂ ಒಂದು ಒಳ್ಳೆಯ ಸುದ್ದಿ ನನ್ನ ಬಳಿ ಇತ್ತು, ಅದು ಅಮ್ಮನಿಗೆ ಸೇರಿದ್ದು. ಶಾಹೀನಳನ್ನು ನೋಡಿ ಬಂದ ಸಂಜೆ, ಹೂ ಕಟ್ಟುತ್ತಿದ್ದ ಅವಳ ಪಕ್ಕ ಕೂತು, ಅಪ್ಪ ಹೋದದ್ದು ಎದೆಯ ಕಾಯಿಲೆಯಿಂದ, ಅದು ತಿಂಗಳಿಂದಲೇ ಇತ್ತು, ಊಟಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದೆ. ಅವಳ ಕೈ ನಿಂತಿತು.

"ನನ್ನ ಸಾರಿಂದ ಅಲ್ವಾ ಹಂಗಾದ್ರೆ?"

ಅಲ್ಲಮ್ಮ ಎಂದೆ. ಅವಳು ಅಳುತ್ತಾಳೆ, ಹಗುರಾಗುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಮುಖವನ್ನೂ ಪಕ್ಕದಲ್ಲಿದ್ದ ಮಾತ್ರೆಗಳ ಚೀಲವನ್ನೂ ನೋಡಿದಳು. ನಾನು ಪುಸ್ತಕ ಓದಿ ತಿಳಿದದ್ದನ್ನು ಅವಳು ಆ ಒಂದು ನೋಟದಲ್ಲಿ ತಿಳಿದುಕೊಂಡಳು.

"ನನ್ನ ಸಾರೇ ಆಗಿದ್ರೆ ಚೆನ್ನಾಗಿತ್ತು ಕಣಪ್ಪ," ಎಂದಳು.

ಮಾರನೆಯ ದಿನ ಅವಳೇ ಅವರೆಕಾಯಿ ತರಿಸಿದಳು. ನಾನೂ ಕೂತು ಬಿಡಿಸಿದೆ, ನೆನೆದ ಕಾಳನ್ನು ಹಿತುಕಿದೆ. ಬೇಳೆ ಅಷ್ಟು ವರ್ಷಗಳ ಸಿಟ್ಟನ್ನೆಲ್ಲ ತೀರಿಸಿಕೊಳ್ಳುವಂತೆ ಚಿಮ್ಮಿ ಮುಖಕ್ಕೆ ಬಡಿಯಿತು. ಸಾರಿಗೆ ಅಮ್ಮ ಎಷ್ಟು ಕಡಿಮೆ ಉಪ್ಪು ಹಾಕಿದ್ದಳೆಂದರೆ, ಇಷ್ಟು ಸಪ್ಪೆಯಾದ ಹಿತಕಿದ ಬೇಳೆ ಈ ಸೀಮೆಯಲ್ಲಿ ಹಿಂದೆಂದೂ ಬೆಂದಿರಲಾರದು. ನಾನು ಉಂಡು ಮುಗಿಸುವವರೆಗೂ ಎದುರಿಗೆ ಕೂತು, ಬೆವರಿದೆಯೇನೋ ಎಂಬಂತೆ ನನ್ನ ಹಣೆಯನ್ನೇ ನೋಡುತ್ತಿದ್ದಳು.

ಸಿಪ್ಪೆಯನ್ನು ಬಾಗಿಲ ಮುಂದೆ ನಾನೇ ಸುರಿದೆ. ಕೆಂಪು ಹಸು ಅಭ್ಯಾಸಬಲದಿಂದ ನಮ್ಮ ಮನೆ ದಾಟಿ ಹೋಯಿತು. ಪಕ್ಕದ ಮನೆಯವರೆಗೆ ಹೋಗಿ, ಏನೋ ನೆನಪಾದಂತೆ ನಿಂತು, ಹಿಂದಿರುಗಿ ಬಂತು. ಬೆರಳಿಗೆ ಹತ್ತಿದ ಸೊಗಡು ತೊಳೆದರೂ ಹೋಗಿರಲಿಲ್ಲ. ಬರುವ ವಾರದ ಭಯವೂ ಹಾಗೆಯೇ ಇತ್ತು. ಎದೆಯ ಮೇಲೆ ಕೈಯಿಟ್ಟುಕೊಂಡು, ಹಸು ತಿಂದು ಮುಗಿಸುವವರೆಗೂ ಅಲ್ಲೇ ನಿಂತಿದ್ದೆ. ಅಪ್ಪನಂತೆ, ಏನನ್ನೋ ನೋಡುತ್ತಿದ್ದೇನೆಂಬ ನೆಪವನ್ನು ಮಾತ್ರ ಯಾರಿಗೂ ಹೇಳಲಿಲ್ಲ.